ಹುಚ್ಚೋ, ನೋವೋ, ಭಯವೋ?

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಮ್ಮ ಮಂಡ್ಯ ಕಡೆಯ ಒಂದು ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನದು, ಕ್ರಿ.ಶ. 949-50ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಕಾದಿದ ಮಣಲೆರ ಎಂಬ ವೀರ ಬಹುಮಾನವಾಗಿ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಮುಂದೆ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು.

ಹಂದಿಯ ಜತೆ ಹೋರಾಡಿ ಸತ್ತ ನಾಯಿಯ ವಿಚಾರದಲ್ಲಿ ಗೊಂದಲವಿಲ್ಲ. ಕಲ್ಲು ನೆಡಬಹುದು. ಆದ್ರೆ ವಯಸ್ಸಾಗಿ, ಕಾಯಿಲೆ ಬಿದ್ದು, ಹೆದರಿಕೊಂಡು, ಅನ್ನ ಹಾಕುವ ಕೈಗೇ ಬಾಯಿ ಹಾಕುವ ನಾಯಿಯನ್ನು ಏನು ಮಾಡೋದು? ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಅದನ್ನು ಯಾರೂ ಕಲ್ಲಿನಲ್ಲಿ ಬರೆಸಿಲ್ಲ, ಅಷ್ಟೆ.

ಮೊದಲು ಮುಂಬೈಗೆ ಹೋಗೋಣ. ಬೀದಿನಾಯಿಗಳನ್ನು ಕೊಂದವರಿಗೆ ತಲೆಗೆ ಎಂಟಾಣೆಯಂತೆ ಕಂಪನಿ ಸರ್ಕಾರ ಕೊಡುತ್ತಿತ್ತು. 1832ರಲ್ಲಿ ಕೊಲ್ಲುವ ಅವಧಿಯನ್ನು ವಿಸ್ತರಿಸಿದರು. ಸ್ವಲ್ಪ ಯೋಚಿಸಿ ನೋಡಿ. ಎಣಿಕೆಯ ಮೇಲೆ ದುಡ್ಡು ಕೊಟ್ಟರೆ ಯಾವ ನಾಯಿ ಸಾಯುತ್ತೆ? ಹುಚ್ಚು ಹಿಡಿದದ್ದರ ಹತ್ತಿರ ಹೋಗೋಕೆ ಎಲ್ಲರಿಗೂ ಭಯ. ಬಾಲ ಅಲ್ಲಾಡಿಸಿಕೊಂಡು ಹತ್ತಿರ ಬರುವ ನಾಯಿಯನ್ನು ಹೊಡೆಯೋದು ಸುಲಭ. ಪೊಲೀಸರು ಮನೆಗಳ ಹತ್ತಿರದ ನಾಯಿಗಳಿಗೂ ಕೈ ಹಾಕಿದಾಗ ಜೂನ್ ತಿಂಗಳಲ್ಲಿ ಪಾರ್ಸಿಗಳು ತಿರುಗಿಬಿದ್ದರು. ಅವರ ಧರ್ಮದಲ್ಲಿ ನಾಯಿಗೆ ಪವಿತ್ರ ಸ್ಥಾನವಿದೆ, ಶವಸಂಸ್ಕಾರದಲ್ಲೂ ನಾಯಿಯ ನೋಟ ಬೀಳಬೇಕು. ಹಿಂದೂಗಳು, ಜೈನರು ಜತೆಗೂಡಿದರು. ಅಂಗಡಿಗಳು ಮುಚ್ಚಿದವು, ಕೊಲಾಬಾದ ಸೈನಿಕರಿಗೆ ಹೋಗುವ ಆಹಾರಕ್ಕೂ ಅಡ್ಡಿಯಾಯಿತು, ಕೊನೆಗೆ ಸೈನ್ಯವೇ ಬೀದಿಗಿಳಿಯಿತು. ಎರಡು ವರ್ಷದ ನಂತರ, 1834ರಲ್ಲಿ, ಜಮ್‌ಶೆಡ್‌ಜಿ ಜೀಜೀಭಾಯ್ ಮತ್ತು ಜೈನ ವರ್ತಕರ ದುಡ್ಡಿನಿಂದ ಬಾಂಬೆ ಪಾಂಜರಪೋಳ ಶುರುವಾಯಿತು. ಕೊಲ್ಲುವುದು ಬೇಡವಾದರೆ ಸಾಕಬೇಕು, ಸಾಕೋದಕ್ಕೆ ಜಾಗ ಬೇಕು, ಖರ್ಚು ಬೇಕು. ಆ ಲೆಕ್ಕ ಅಲ್ಲಿಯೇ ಗೊತ್ತಾಗಿತ್ತು.

ಹಾಗಂತ ಕೊಲ್ಲಿ ಅಂದವರೆಲ್ಲ ಕಟುಕರೂ ಅಲ್ಲ. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯೋದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಇವತ್ತಿಗೂ ಅದೇ ಸ್ಥಿತಿ. ಅದಕ್ಕೆ ಮದ್ದಿಲ್ಲದ ಕಾಲದಲ್ಲಿ, ಜೊಲ್ಲು ಸುರಿಸುತ್ತಾ ಗುರ್ ಅನ್ನುವ ನಾಯಿಯನ್ನು ಕಂಡು ದೊಣ್ಣೆ ಎತ್ತಿದವನನ್ನು ನಾನು ದೂರಲಾರೆ. ಕಷ್ಟ ಇದ್ದದ್ದು ಬೇರೆ ಕಡೆ. ಹುಚ್ಚು ಹಿಡಿದ ನಾಯಿಯೂ ಜೊಲ್ಲು ಸುರಿಸುತ್ತೆ, ಹಲ್ಲು ಹುಳುಕಾದ ನಾಯಿಯೂ ಸುರಿಸುತ್ತೆ. ರೋಗದಿಂದಲೂ ಕಚ್ಚುತ್ತೆ, ಕಿವಿ ಸೋರುವ ನೋವಿಗೂ ಕಚ್ಚುತ್ತೆ. ಹೊರಗಿನಿಂದ ನೋಡಿ ಹೇಳೋದು ಹೇಗೆ?

ಪಾಶ್ಚರ್ ಕಥೆಯಲ್ಲೂ ಈ ಪ್ರಶ್ನೆ ಅಡಗಿದೆ. 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಪಾಶ್ಚರ್ ಪ್ರಯೋಗಶಾಲೆಯ ಲಸಿಕೆಯ ಮೊದಲ ಚುಚ್ಚುಮದ್ದು ಕೊಟ್ಟದ್ದು ನಮಗೆಲ್ಲ ಗೊತ್ತು. ಆದರೆ ಆ ನಾಯಿಗೆ ಹುಚ್ಚು ಹಿಡಿದಿತ್ತು ಅನ್ನೋದಕ್ಕೆ ಆಗ ಕೊಟ್ಟ ಸಾಕ್ಷಿ ಏನು ಗೊತ್ತಾ? ನಾಯಿಯನ್ನು ಕೊಂದು ಹೊಟ್ಟೆ ಬಗೆದಾಗ ಒಳಗೆ ಹುಲ್ಲು ಮತ್ತು ಮರದ ಚೂರು ಸಿಕ್ಕವು. ಅಷ್ಟೇ! ಹೊಟ್ಟೆ ಕೆಟ್ಟ ನಾಯಿಯೂ ಸಿಕ್ಕಿದ್ದನ್ನೆಲ್ಲ ತಿನ್ನುತ್ತೆ ಅನ್ನೋದು ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ಗೊತ್ತು.

1903ರಲ್ಲಿ ಇಟಲಿಯ ಅಡೆಲ್ಚಿ ನೆಗ್ರಿ, ರೋಗ ಬಂದ ಪ್ರಾಣಿಯ ಮಿದುಳಿನ ಜೀವಕೋಶಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ ಕಣಗಳನ್ನು ಗುರುತಿಸಿದ. ಮೊದಲ ಸಲ ಗಟ್ಟಿ ಪುರಾವೆ ಸಿಕ್ಕಿತು. ಆದರೆ ಆ ಪುರಾವೆ ನಾಯಿ ಸತ್ತ ಮೇಲೆ ಸಿಗುವಂಥದ್ದು. ಬದುಕಿರುವ ನಾಯಿಗೆ ಕೊನೆಗೆ ಉಳಿದ ಪರೀಕ್ಷೆ ಒಂದೇ, ಕಾಯೋದು. ಕಚ್ಚಿದ ನಾಯಿಯನ್ನು ಕೂಡಿಹಾಕಿ ಹತ್ತು ದಿನ ನೋಡಿ, ಆರೋಗ್ಯವಾಗಿ ಉಳಿದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಅಂತ ಲೆಕ್ಕ. (ಕಚ್ಚಿಸಿಕೊಂಡವರು ಮಾತ್ರ ಹತ್ತು ದಿನ ಕಾಯಬಾರದು. ಗಾಯವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.)

ಆ ಹತ್ತು ದಿನದ ತಾಳ್ಮೆ ನಮ್ಮ ಹಳ್ಳಿಗಳಲ್ಲಿ ಯಾಕೆ ಇರಲಿಲ್ಲ? ಸೂಜಿಯ ಭಯ ಒಂದು ಕಾರಣ ಅನ್ನಿಸುತ್ತೆ. 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಬಂದವು. ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ತಯಾರಿಸಿದ ಬಗೆಯ ಲಸಿಕೆ, ಅಂದರೆ ಕುರಿಯ ಮಿದುಳಿನಿಂದ ಮಾಡುವಂಥದ್ದು, ನಮ್ಮ ದೇಶದಲ್ಲಿ 2004ರವರೆಗೂ ಇತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ! ನಾವು ಹುಡುಗರಾಗಿದ್ದಾಗ ದೆವ್ವಕ್ಕಿಂತ ಅದಕ್ಕೇ ಹೆಚ್ಚು ಹೆದರುತ್ತಿದ್ದೆವು. ನಾಯಿ ಗುರ್ ಅಂದರೆ ಸಾಕು, ಯಾರೋ ಒಬ್ಬರು "ಹುಚ್ಚುನಾಯಿ" ಅಂತ ಕೂಗೋರು, ಹತ್ತು ಜನ ಕಲ್ಲು ಎತ್ತಿಕೊಳ್ಳೋರು. ಹತ್ತು ನಿಮಿಷದಲ್ಲಿ ತೀರ್ಪು ಮುಗಿದಿರೋದು.

ಅಹಿಂಸೆಯ ದೊಡ್ಡ ಹೆಸರೂ ಈ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯ್ ತಮ್ಮ ಗಿರಣಿಯ ಸುತ್ತ ಓಡಾಡುತ್ತಿದ್ದ ಅರವತ್ತು ನಾಯಿಗಳನ್ನು ಕೊಲ್ಲಿಸಿದರು. ಗಾಂಧೀಜಿಯನ್ನು ಕೇಳಿದಾಗ, ಬೇರೆ ದಾರಿ ಏನಿತ್ತು ಅನ್ನುವ ಅರ್ಥದಲ್ಲಿ ಉತ್ತರಿಸಿದರು. ಸಿಟ್ಟಿನ ಪತ್ರಗಳು ಬಂದವು. ಗಾಂಧೀಜಿ ಹಿಂದೆ ಸರಿಯಲಿಲ್ಲ, 'ಯಂಗ್ ಇಂಡಿಯಾ'ದಲ್ಲಿ ಲೇಖನಗಳ ಸರಣಿಯನ್ನೇ ಬರೆದರು. ಅವರ ವಾದದ ತಿರುಳು ಇದು: ನಾಯಿಗೆ ಯಜಮಾನ ಇರಬೇಕು. ಬೀದಿಯಲ್ಲಿ ಒಂದು ರೊಟ್ಟಿ ತುಂಡು ಎಸೆದು ಪುಣ್ಯ ಬಂತು ಅಂದುಕೊಳ್ಳೋದು ದಯೆಯಲ್ಲ, ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವ ದಾರಿ. ಅವರ ತೀರ್ಪನ್ನು ನಾನು ಪೂರ್ತಿ ಒಪ್ಪಲಾರೆ, ಅರವತ್ತೂ ನಾಯಿಗಳು ರೋಗಿಷ್ಟವಾಗಿದ್ದವು ಅಂತ ನನಗೆ ಅನ್ನಿಸೋದಿಲ್ಲ. ಆದರೆ "ಇದು ಯಾರ ನಾಯಿ?" ಅನ್ನುವ ಅವರ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋದು ಕಷ್ಟ.

ನನಗೆ ಈ ಪ್ರಶ್ನೆ ಎದುರಾದದ್ದು ಹೋದ ವರ್ಷ. ಊರಿನ ಮನೆಯ ಕರಿಯನಿಗೆ ಒಂಬತ್ತು ವರ್ಷ. ಮೊದಲಿನಿಂದಲೂ ಪುಕ್ಕಲ, ಪಟಾಕಿ ಸದ್ದಿಗೆ ಕೊಟ್ಟಿಗೆ ಬಿಟ್ಟು ಬರುತ್ತಿರಲಿಲ್ಲ. ಹೋದ ವರ್ಷ ಅವ್ವನ ಕೈಗೆ ಬಾಯಿ ಹಾಕಿತು, ಆಮೇಲೆ ಹಾಲಿನವರಿಗೆ. "ಬೊಗಳೋ ನಾಯಿ ಕಚ್ಚಲ್ಲ ಅಂತಾರೆ ಕಣ ಮಗ, ಇದು ಬೊಗಳೋದೇ ಇಲ್ಲ, ಸುಮ್ಕೆ ಬಂದು ಹಿಡ್ಕತದೆ" ಅಂದರು ಅವ್ವ ಫೋನಿನಲ್ಲಿ. ಅಪ್ಪನದು ಒಂದೇ ಮಾತು: "ಮನೇಲಿ ಮಕ್ಳವೆ. ಬಂದು ಏನಾರ ತೀರ್ಮಾನ ಮಾಡು." ಲಸಿಕೆ ಹಾಕಿಸಿತ್ತು. ಆದರೂ ಹತ್ತು ದಿನ ಕಟ್ಟಿ ನೋಡಿದೆವು, ಏನೂ ಆಗಲಿಲ್ಲ. ತಾಲ್ಲೂಕಿನ ಪಶು ವೈದ್ಯರು ಬಾಯಿಗೆ ಕುಕ್ಕೆ ಕಟ್ಟಿಸಿ ಪರೀಕ್ಷೆ ಮಾಡಿದರು. ಎಡಗಿವಿಯೊಳಗೆ ಹಳೆಯ ಸೋಂಕು, ಸೊಂಟದ ಕೀಲು ಸವೆದಿತ್ತು. ಕಚ್ಚಿದ ಎರಡು ಸಲವೂ ಅದರ ಎಡಗಡೆಯಿಂದಲೇ ಯಾರೋ ಕೈ ಚಾಚಿದ್ದರು.

ಆಫೀಸಿನಲ್ಲಿ ನಾವು ಫಾಲ್ಸ್ ಪಾಸಿಟಿವ್ ಅನ್ನುತ್ತೇವೆ. ಇಲ್ಲದ ದೋಷವನ್ನು ಇದೆ ಅಂದರೆ ಅಲ್ಲಿ ಅರ್ಧ ದಿನ ವ್ಯರ್ಥ. ಇಲ್ಲಿ ಒಂದು ಜೀವ ಹೋಗುತ್ತೆ. ಅಪಾಯ ಇದ್ದೂ ಇಲ್ಲ ಅಂದರೆ ಅಣ್ಣನ ಮಗಳ ಮುಖಕ್ಕೆ ಹಲ್ಲು ನೆಡುತ್ತೆ. ನೋವಿನಿಂದ ಕಚ್ಚಿತು ಅಂತ ಗೊತ್ತಾದ ಮಾತ್ರಕ್ಕೆ ಹಲ್ಲು ಮೊಂಡಾಗೋದಿಲ್ಲ. ವೈದ್ಯರು ಎರಡು ತಿಂಗಳ ಗಡುವು ಕೊಟ್ಟರು: ನೋವಿನ ಮಾತ್ರೆ, ಕಿವಿಗೆ ಔಷಧಿ, ಕೊಟ್ಟಿಗೆ ಪಕ್ಕ ಬೇರೆ ಗೇಟು, ಮಕ್ಕಳು ಆ ಕಡೆ ಸುಳಿಯುವ ಹಾಗಿಲ್ಲ. ಅಷ್ಟಾದರೂ ಬದಲಾಗದಿದ್ದರೆ, ಅಥವಾ ನೋವು ಹತೋಟಿಗೆ ಬರದಿದ್ದರೆ, ನಿದ್ದೆಯ ಇಂಜೆಕ್ಷನ್. ಒಪ್ಪಿಕೊಂಡೆ. ಎರಡು ತಿಂಗಳು ಮುಗಿದಾಗ ಕರಿಯ ಅವ್ವನ ಕೈಯಲ್ಲಿ ಮಾತ್ರೆ ತಿನ್ನುತ್ತಿತ್ತು, ಗಡುವನ್ನು ಇನ್ನೆರಡು ತಿಂಗಳು ಮುಂದೂಡಿದೆವು. ಈಗಲೂ ಅದನ್ನು ಹೀಗೆ ಕಂತಿನಲ್ಲೇ ತೀರ್ಮಾನಿಸುತ್ತಿದ್ದೇವೆ. ಗೇಟು ಮಾತ್ರ ತೆಗೆದಿಲ್ಲ.

ಕಾನೂನೂ ನಿಧಾನವಾಗಿ ಇದೇ ದಾರಿಗೆ ಬಂದಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬೀದಿನಾಯಿಗಳನ್ನು ಕೊಲ್ಲುವುದನ್ನು ಪೂರ್ತಿ ತಡೆದಿರಲಿಲ್ಲ. 2001ರ ನಾಯಿ ಸಂತಾನ ನಿಯಂತ್ರಣ ನಿಯಮಗಳು ದಿಕ್ಕು ಬದಲಿಸಿದವು. ಹುಚ್ಚುನಾಯಿ ಅಂತ ದೂರು ಬಂದರೆ ಒಬ್ಬ ಪಶು ವೈದ್ಯ ಮತ್ತು ಪ್ರಾಣಿ ಕಲ್ಯಾಣ ಸಂಸ್ಥೆಯ ಒಬ್ಬ ಪ್ರತಿನಿಧಿ ಸೇರಿ ಪರೀಕ್ಷಿಸಬೇಕು. ರೇಬಿಸ್ ಅಲ್ಲ, ಬೇರೆ ಕಾಯಿಲೆ ಅಂತ ಕಂಡುಬಂದರೆ ಚಿಕಿತ್ಸೆಗೆ ಒಪ್ಪಿಸಬೇಕು. ವಾಸಿಯಾಗದ ನಾಯಿಗೆ ದಯಾಮರಣ ಕೊಡಬಹುದು, ಆದರೆ ಇನ್ನೊಂದು ನಾಯಿಯ ಎದುರಿಗೆ ಕೂಡದು. ಈ ಕೊನೆಯ ಸಾಲು ಓದಿದಾಗ ಬರೆದವರು ಯಾರೋ ನಾಯಿ ಸಾಕಿದವರೇ ಇರಬೇಕು ಅನ್ನಿಸಿತು.

2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಹಿಡಿದ ಬೀದಿನಾಯಿಗಳಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ ಅಂದಿತು. ರೇಬಿಸ್ ಇರುವ, ಶಂಕೆಯಿರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು. ರೇಬಿಸ್ ಪತ್ತೆಗೆ ಪರೀಕ್ಷೆ ಇದೆ. "ಆಕ್ರಮಣಕಾರಿ" ಅನ್ನೋದನ್ನು ಅಳೆಯೋರು ಯಾರು? ಬಲೆ ಹಾಕಿ ಹಿಡಿದಾಗ ಯಾವ ನಾಯಿ ಹಲ್ಲು ತೋರಿಸೋದಿಲ್ಲ? ಈ ಒಂದು ಪದದ ಅರ್ಥವನ್ನು ಇನ್ನು ಮುಂದೆ ಊರೂರಿನ ಪಶು ವೈದ್ಯರು, ನಾಯಿ ಹಿಡಿಯುವವರು, ಕೊಟ್ಟಿಗೆಗೆ ಗೇಟು ಹಾಕಿಸುವವರು ದಿನಾ ಬರೆಯಬೇಕಾಗುತ್ತೆ. ಎಂಟಾಣೆಯ ಕಾಲದಲ್ಲಿ ಅದನ್ನು ದೊಣ್ಣೆ ಹಿಡಿದವನೊಬ್ಬನೇ ಬರೆಯುತ್ತಿದ್ದ.