ಓದಲು ಹಿಂಜರಿಯುವ ಮಕ್ಕಳು: ಪಾಲಕರಿಗೆ ಮಾಹಿತಿ

ಶಾಲೆಗೆ ತಪ್ಪದೆ ಹೋಗುವ ಮಗುವೂ ಮನೆಯಲ್ಲಿ ಪುಸ್ತಕ ಹಿಡಿಯಲು ಒಪ್ಪುವುದಿಲ್ಲವೆಂಬುದು ಅನೇಕ ಪಾಲಕರ ದೂರು. ಇದಕ್ಕೆ ಸೋಮಾರಿತನವೇ ಕಾರಣವೆಂದು ಭಾವಿಸುವುದು ಸರಿಯಲ್ಲ. ವಿಜಯಪುರ ಜಿಲ್ಲೆಯ ಮಸೂತಿ ಹಾಗೂ ಸುತ್ತಲಿನ ಗ್ರಾಮಗಳ ಮಗು ಮನೆಯಲ್ಲಿ ‘ಅಪ್ಪ ಹೊಂಟಾನ’ ಎಂಬ ಮಾತನ್ನು ಕೇಳಿ ಬೆಳೆದಿರುತ್ತದೆ. ಪುಸ್ತಕದಲ್ಲಿ ‘ತಂದೆಯವರು ಹೊರಟಿದ್ದಾರೆ’ ಎಂದಿರುತ್ತದೆ. ಎರಡೂ ಕನ್ನಡವೇ ಆದರೂ ಮಗುವಿಗೆ ಎರಡನೆಯದು ಪರಕೀಯವೆನಿಸುತ್ತದೆ. ಅದರ ಮೇಲೆ ಒತ್ತಕ್ಷರಗಳ ತೊಡಕು. ಪ್ರತಿ ತಪ್ಪಿಗೂ ಗದರಿಸಿಕೊಂಡ ಮಗು ಓದುವುದನ್ನೇ ತಪ್ಪಿಸಿಕೊಳ್ಳಲು ಕಲಿಯುತ್ತದೆ.

ತಮಗೇ ಓದು ಬಾರದಿರುವಾಗ ಮಗುವಿಗೆ ಹೇಗೆ ನೆರವಾಗುವುದೆಂದು ಕೆಲವು ಪಾಲಕರು ಹಿಂಜರಿಯುತ್ತಾರೆ. ಈ ಸಂಕೋಚ ಅನಗತ್ಯ. ಮಗು ಒಂದು ಪುಟ ಗಟ್ಟಿಯಾಗಿ ಓದಲಿ. ಅದನ್ನು ಅಜ್ಜಿಗೆ ಮನೆಮಾತಿನಲ್ಲಿ ತಿರುಗಿ ಹೇಳಲಿ. ‘ಮುಂದ ಏನಾತು?’ ಎಂದು ಕೇಳಲು ಅಕ್ಷರ ಬರಬೇಕಾಗಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಮಗು ಮುಂದಿನ ಪುಟ ತೆರೆಯುವ ಸಂಭವ ಹೆಚ್ಚು. ಓದು ಬಲ್ಲ ಹಿರಿಯರು ನಡುವೆ ತಡೆಯದೆ, ವಾಕ್ಯ ಮುಗಿದ ನಂತರ ತಾವೊಮ್ಮೆ ಸರಿಯಾಗಿ ಓದಿ ಕೇಳಿಸಿದರೆ ಸಾಕು. ದಿನಕ್ಕೆ ಹತ್ತು ನಿಮಿಷ ಮೀರಬೇಕಾಗಿಲ್ಲ. ಮಗು ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದರೆ ಬೇಸರಿಸಬಾರದು.

ಓದು ಪರೀಕ್ಷೆಗಾಗಿ ಮಾತ್ರವಲ್ಲವೆಂಬುದು ಮಗುವಿಗೆ ಕಣ್ಣಾರೆ ಕಾಣಬೇಕು. ಬೀಜದ ಪೊಟ್ಟಣ, ಬಸ್ಸಿನ ಫಲಕ, ಲಗ್ನಪತ್ರಿಕೆ, ಹೊಲದ ಪಹಣಿ ಇವುಗಳನ್ನು ಮಗುವಿನಿಂದಲೇ ಓದಿಸಬಹುದು. ಅಜ್ಜನ ಹೆಸರು ಪಹಣಿಯಲ್ಲಿ ಸರಿಯಾಗಿದೆಯೇ ಎಂದು ನೋಡಿ ಹೇಳಿದ ಮಗುವಿಗೆ ತನ್ನ ಓದಿನ ಬೆಲೆ ತಿಳಿದಿರುತ್ತದೆ.

ಪುಸ್ತಕಗಳಿಗೆ ಖರ್ಚು ಮಾಡಲೇಬೇಕೆಂದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. 2020ರ ನವೆಂಬರ್‌ನಲ್ಲಿ ಆರಂಭಗೊಂಡ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕಲ್ಪಿಸಲಾಗಿದೆ. ಈಗ ಇವು ‘ಅರಿವು ಕೇಂದ್ರ’ ಎಂದು ಕರೆಯಲ್ಪಡುತ್ತಿವೆ. ನೋಂದಣಿಗಾಗಿ ಮೇಲ್ವಿಚಾರಕರನ್ನು ಕಾಣತಕ್ಕದ್ದು. ಮಗುವನ್ನು ಜೊತೆಗೆ ಕರೆದೊಯ್ದು ಪುಸ್ತಕವನ್ನು ಅದೇ ಆರಿಸಿಕೊಳ್ಳಲು ಬಿಡಬೇಕು. ಚಿತ್ರಗಳೇ ಹೆಚ್ಚಿರುವ ತೆಳು ಪುಸ್ತಕವನ್ನು ಆರಿಸಿದರೂ ಅಡ್ಡಿಯಿಲ್ಲ. ಶಂ.ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಮೊದಲಾದ ಮಕ್ಕಳ ಕವಿಗಳು ಇದೇ ಜಿಲ್ಲೆಯವರು. ಅವರ ಪದ್ಯಗಳನ್ನು ಕೇಳಿ ಪಡೆಯಬಹುದು. ಮೊಬೈಲ್ ಸೌಲಭ್ಯವಿದ್ದಲ್ಲಿ, ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಮಟ್ಟಕ್ಕೆ ಅನುಗುಣವಾಗಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ.

ಕಬ್ಬು ಕಟಾವಿಗೆಂದು ಊರು ಬಿಡುವ ಕುಟುಂಬಗಳು ಹೊರಡುವ ಮುನ್ನ ತರಗತಿಯ ಶಿಕ್ಷಕರೊಡನೆ ಮಾತನಾಡಿ, ಮಗುವಿನ ಓದಿಗೆ ಒಂದೆರಡು ಪುಸ್ತಕ ಕೇಳಿ ಒಯ್ಯುವುದು ಒಳಿತು. ಕೆಲವೇ ತಿಂಗಳು ಅಕ್ಷರದಿಂದ ದೂರವಾದ ಮಗು ಹಿಂದಿರುಗಿದಾಗ ತರಗತಿಯಲ್ಲಿ ಬಾಯಿ ತೆರೆಯಲು ನಾಚುತ್ತದೆ.

ಇಷ್ಟೆಲ್ಲ ಪ್ರಯತ್ನದ ನಂತರವೂ ಮಗು ಸಾಲು ತಪ್ಪುತ್ತಿದ್ದರೆ, ಪುಸ್ತಕವನ್ನು ಮುಖದ ಹತ್ತಿರ ಹಿಡಿಯುತ್ತಿದ್ದರೆ ಮೊದಲು ಕಣ್ಣಿನ ತಪಾಸಣೆ ಮಾಡಿಸತಕ್ಕದ್ದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವು ಶಾಲೆಗಳಿಗೆ ಭೇಟಿ ನೀಡಿ ಮಕ್ಕಳ ಆರೋಗ್ಯ ತಪಾಸಣೆ ನಡೆಸುತ್ತದೆ. ದೃಷ್ಟಿ ಸರಿಯಿದ್ದೂ ಅಕ್ಷರಗಳನ್ನು ಗುರುತಿಸಲು ನಿರಂತರವಾಗಿ ಕಷ್ಟಪಡುವ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ಇದನ್ನೂ ಸೇರಿಸಲಾಗಿದೆ. ಇಂತಹ ಮಗುವನ್ನು ದಡ್ಡನೆಂದು ಕರೆಯದೆ, ಮುಖ್ಯೋಪಾಧ್ಯಾಯರಿಗೆ ತಿಳಿಸಿ ತಜ್ಞರ ಪರೀಕ್ಷೆಗೆ ಒಳಪಡಿಸುವಂತೆ ಪಾಲಕರಲ್ಲಿ ಕೋರಲಾಗಿದೆ.