ಹಳೆ ಜಿಐ ಪೈಪ್ ತೆಗೆದು ಪ್ಲಾಸ್ಟಿಕ್ ಹಾಕಿಸುತ್ತಿದ್ದೀರಾ? ನೀರಿನ ಮೀಟರ್ ಬಳಿ ಈ ಎಚ್ಚರ ಇರಲಿ

ಹೈದರಾಬಾದ್: ತುಕ್ಕು ಹಿಡಿದ ಜಿಐ ಪೈಪ್ ಕಿತ್ತು ಸಿಪಿವಿಸಿ ಅಥವಾ ಯುಪಿವಿಸಿ ಪೈಪ್ ಹಾಕಿಸುವುದು ಈಗ ಹಳೆ ಮನೆಗಳಲ್ಲಿ ಸಾಮಾನ್ಯ. ಗೋಡೆಯೊಳಗಿನ ಕೆಲಸ ಹೆಚ್ಚಾಗಿ ಸಲೀಸಾಗಿಯೇ ಮುಗಿಯುತ್ತದೆ. ತೊಂದರೆ ಶುರುವಾಗುವುದು ಗೇಟಿನ ಪಕ್ಕದ ಮೀಟರ್ ಗುಂಡಿಯಲ್ಲಿ, ಹಿತ್ತಾಳೆಗೆ ಪ್ಲಾಸ್ಟಿಕ್ ಸೇರುವ ಆ ಒಂದು ಜಾಯಿಂಟ್‌ನಲ್ಲಿ.

2007ರಲ್ಲಿ ಗ್ರೇಟರ್ ಹೈದರಾಬಾದ್‌ಗೆ ವಿಲೀನವಾದ ಉಪ್ಪಲ್‌ನಂಥ ಬಡಾವಣೆಗಳಲ್ಲಿ ಇದು ಬರೀ ಸೋರಿಕೆಯ ಪ್ರಶ್ನೆಯಲ್ಲ. ಹೈದರಾಬಾದ್ ಜಲಮಂಡಳಿ 2020ರ ಡಿಸೆಂಬರ್‌ನಿಂದ ಅನ್ವಯವಾಗುವಂತೆ ಮನೆಬಳಕೆಗೆ ತಿಂಗಳಿಗೆ 20,000 ಲೀಟರ್ ನೀರನ್ನು ಉಚಿತವಾಗಿ ಕೊಡುತ್ತಿದೆ. 2021ರ ಜನವರಿ 12ರಂದು ಯೋಜನೆಗೆ ಚಾಲನೆ ಸಿಕ್ಕಿತು. ಕೊಳೆಗೇರಿ ಸಂಪರ್ಕಗಳಿಗೆ ಮೀಟರ್ ಕಡ್ಡಾಯವಲ್ಲ. ಉಳಿದ ಮನೆಗಳಿಗೆ ಆಧಾರ್ ಜೋಡಣೆಯ ಜೊತೆಗೆ ಕೆಲಸ ಮಾಡುವ ಮೀಟರ್ ಇರಲೇಬೇಕು. ಪೈಪ್ ಕೆಲಸದ ಗಡಿಬಿಡಿಯಲ್ಲಿ ಮೀಟರ್ ಕೆಟ್ಟರೆ ದಿನಕ್ಕೆ ಸುಮಾರು 660 ಲೀಟರ್‌ನಷ್ಟು ಉಚಿತ ನೀರಿಗೇ ಕುತ್ತು.

ಹೀಗಾಗಿ ಮೊದಲ ಕೆಲಸ ಮಂಡಳಿಗೆ ತಿಳಿಸುವುದು. ಸಹಾಯವಾಣಿ ಸಂಖ್ಯೆ 155313. ಮೀಟರ್‌ನ ಸೀಲ್ ಅನ್ನು ಪ್ಲಂಬರ್ ಕೈಯಲ್ಲಿ ಬಿಚ್ಚಿಸುವುದು, ರಸ್ತೆ ಕಡೆಯ ಪೈಪ್ ಮುಟ್ಟುವುದು ಬೇಡ. ಮನೆಯವರ ಕೆಲಸ ಮೀಟರ್ ದಾಟಿದ ಮೇಲಿನದು.

ಜಾಯಿಂಟ್ ಹೇಗಿರಬೇಕು?

ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 15 ಮಿ.ಮೀ. ಮೀಟರ್. ಅದರ ಎರಡೂ ಬದಿಗೆ ನಟ್, ಒಳಗೊಂದು ವಾಷರ್ ಮತ್ತು ಅರ್ಧ ಇಂಚಿನ ಹೊರಥ್ರೆಡ್ ಇರುವ ಹಿತ್ತಾಳೆ ನಿಪ್ಪಲ್ ಇರುತ್ತದೆ. ಈ ನಿಪ್ಪಲ್ ಮೇಲೆ ಪೂರ್ತಿ ಪ್ಲಾಸ್ಟಿಕ್‌ನ ಒಳಥ್ರೆಡ್ ಫಿಟ್ಟಿಂಗ್ ಕೂರಿಸಿ ಬಿಗಿದರೆ ಅದು ಒಳಗಿನಿಂದ ಹಿಗ್ಗುತ್ತದೆ. ಆ ದಿನ ಏನೂ ಕಾಣದೆ, ವಾರಗಳ ನಂತರ ಉದ್ದಕ್ಕೆ ಬಿರುಕು ಬಿಡಬಹುದು. ಒಳಗೆ ಹಿತ್ತಾಳೆ ಥ್ರೆಡ್ ಕೂರಿಸಿದ ಅಡಾಪ್ಟರ್ ಕೇಳಿ ತನ್ನಿ. ಅಂಗಡಿಗಳಲ್ಲಿ ಅದನ್ನು ಎಫ್‌ಎಬಿಟಿ ಎನ್ನುತ್ತಾರೆ. ಮನೆಯ ಪೈಪ್ ಮುಕ್ಕಾಲು ಇಂಚಿನದಾದರೆ ಮುಕ್ಕಾಲು-ಅರ್ಧ ಅಳತೆಯದೇ ಸಿಗುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಉಳಿತಾಯ ಮಾಡುವ ಜಾಗ ಇದಲ್ಲ.

ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಸ್ಪಾನರ್‌ನಿಂದ ಒಂದೆರಡು ಸುತ್ತು ಸಾಕು. ಮೀಟರ್ ನಟ್‌ಗೆ ಟೇಪ್ ಬೇಡ, ಅಲ್ಲಿ ನೀರು ತಡೆಯುವುದು ವಾಷರ್. ಅಡಾಪ್ಟರ್ ನಂತರ ಒಂದು ಬಾಲ್ ವಾಲ್ವ್, ಒಂದು ಯೂನಿಯನ್ ಹಾಕಿಸಿದರೆ ಮುಂದೆ ಮೀಟರ್ ಬದಲಿಸುವಾಗ ಪೈಪ್ ಕತ್ತರಿಸುವ ಪ್ರಸಂಗ ಬರುವುದಿಲ್ಲ.

ಪೈಪ್ ಅಂಟಿಸುವ ಸೊಲ್ಯೂಷನ್ ಕೆಲಸವನ್ನು ಮೀಟರ್‌ನಿಂದ ದೂರವೇ ಮುಗಿಸಿಕೊಳ್ಳಬೇಕು. ಅಡಾಪ್ಟರ್‌ಗೆ ಪೈಪ್ ತುಂಡನ್ನು ಮೊದಲೇ ಅಂಟಿಸಿ, ಒಣಗಿದ ಮೇಲೆ ತಂದು ಜೋಡಿಸುವುದು ಸರಿಯಾದ ಕ್ರಮ. ಹಸಿ ಸೊಲ್ಯೂಷನ್ ಒಳಗೆ ಇಳಿದು ಮೀಟರ್‌ನ ಚಕ್ರಕ್ಕೆ ಅಂಟಿದರೆ ಮೀಟರ್ ಮುಗಿದಂತೆ. ಸಿಪಿವಿಸಿ, ಯುಪಿವಿಸಿಗಳ ಸೊಲ್ಯೂಷನ್ ಬೇರೆ ಬೇರೆ. ಒಂದರ ಡಬ್ಬಿಯನ್ನು ಇನ್ನೊಂದಕ್ಕೆ ಬಳಸಬಾರದು. ಪೈಪ್ ಮೇಲೆ ಸಿಪಿವಿಸಿಗೆ ಐಎಸ್ 15778, ಯುಪಿವಿಸಿಗೆ ಐಎಸ್ 4985 ಎಂಬ ಮುದ್ರೆ ನೋಡಿ. ನಗರದ ಬಹುತೇಕ ಕಡೆ ದಿನ ಬಿಟ್ಟು ದಿನ ನೀರು ಬರುತ್ತದೆ. ನೀರು ಬಂದು ನಿಂತ ಮೇಲೆ ಕೆಲಸ ಶುರುಮಾಡಿದರೆ ಅಂಟು ಒಣಗಲು ಒಂದು ರಾತ್ರಿ ಸಿಗುತ್ತದೆ.

ಮೀಟರ್ ಸುಳ್ಳು ಹೇಳದಿರಲು

ಮೀಟರ್ ಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಬೇಕು. ಮೀಟರ್ ಸಮತಟ್ಟಾಗಿ ಕೂತು ಮುಖ ಮೇಲಕ್ಕಿರಲಿ. ಪೈಪ್ ಭಾರ ಅದರ ಮೇಲೆ ಬೀಳದಂತೆ ಎರಡೂ ಕಡೆ ಆಧಾರ ಕೊಡಿ. ಮೀಟರ್ ಪಕ್ಕದಲ್ಲೇ ಎಲ್ಬೋ ಹಾಕದೆ ಸ್ವಲ್ಪ ದೂರ ನೇರ ಪೈಪ್ ಬಿಡಬೇಕು. ಮೀಟರ್ ದಾಟಿದ ಪೈಪ್ ನೇರ ಕೆಳಗಿಳಿದು ಸಂಪ್‌ಗೆ ಬಿದ್ದರೆ ಮೀಟರ್ ಅರ್ಧ ಖಾಲಿಯಾಗಿ ಓಡುತ್ತದೆ. ಪೈಪ್ ತುಸು ಮೇಲೇರಿ ನಂತರ ಇಳಿಯುವುದು ಒಳ್ಳೆಯದು. ಬಿಟ್ಟುಬಿಟ್ಟು ಬರುವ ನೀರಿನ ಮುಂದೆ ಗಾಳಿ ನುಗ್ಗಿ ಮೀಟರ್ ಸುಮ್ಮನೆ ತಿರುಗುವುದೂ ಉಂಟು.

ಎಲ್ಲ ಮುಗಿದ ಮೇಲೆ, ಮೀಟರ್ ನಂತರದ ಹೊಸ ಪೈಪ್‌ನಲ್ಲಿ ಉಳಿದಿರುವ ಪ್ಲಾಸ್ಟಿಕ್ ಚೂರು, ಮಣ್ಣು ಹೋಗುವಂತೆ ಒಮ್ಮೆ ನೀರು ಬಿಟ್ಟು ತೊಳೆಯಿರಿ. ನಂತರ ಸಂಪ್ ಬಳಿಯ ತುದಿಯನ್ನು ಮುಚ್ಚಿ ಮೀಟರ್ ಮುಖದ ಸಣ್ಣ ಚಕ್ರ ಗಮನಿಸಿ. ಅದು ನಿಂತಿದ್ದರೆ ಜಾಯಿಂಟ್ ಗಟ್ಟಿ, ತಿರುಗುತ್ತಿದ್ದರೆ ಮೀಟರ್ ಮತ್ತು ಸಂಪ್ ನಡುವೆ ಎಲ್ಲೋ ಸೋರುತ್ತಿದೆ. ಆ ನೀರೂ ನಿಮ್ಮ 20,000 ಲೀಟರ್ ಲೆಕ್ಕಕ್ಕೇ ಸೇರುತ್ತದೆ, ಮೀರಿದ್ದಕ್ಕೆ ಬಿಲ್ ಬರುತ್ತದೆ.

ಈ ಪೈಪ್‌ಗೆ ನೇರವಾಗಿ ಮೋಟಾರ್ ಕಟ್ಟುವುದು ನಿಯಮಬಾಹಿರ, ಸಿಕ್ಕಿಬಿದ್ದರೆ ಮಂಡಳಿ ಮೋಟಾರ್ ವಶಪಡಿಸಿಕೊಳ್ಳುತ್ತದೆ. ಮೋಟಾರ್ ಎಳೆತಕ್ಕೆ ರಸ್ತೆಯಡಿಯ ಬಿರುಕುಗಳಿಂದ ಕೊಳಚೆಯೂ ಒಳಬರಬಹುದು. ಬಿಸಿಲಿಗೆ ತೆರೆದಿರುವ ಪ್ಲಾಸ್ಟಿಕ್ ಪೈಪ್ ಕಾಲಕ್ರಮೇಣ ಪೆಡಸಾಗುವುದರಿಂದ ಅದಕ್ಕೆ ನೀರಿನಲ್ಲಿ ಕಲಸುವ ಬಣ್ಣ ಬಳಿಸಿ ಅಥವಾ ಮುಚ್ಚಿಸಿ.

ಕರೆಂಟ್ ವಿಷಯ ಮರೆಯಬೇಡಿ

ಪ್ಲಂಬರ್‌ಗಳು ಹೇಳದೇ ಬಿಡುವ ಸಂಗತಿ ಇದು. ಕೆಲವು ಹಳೆ ಮನೆಗಳಲ್ಲಿ ವೈರಿಂಗ್‌ನ ಅರ್ಥಿಂಗ್ ಅನ್ನು ನೀರಿನ ಕಬ್ಬಿಣದ ಪೈಪ್‌ಗೇ ಕಟ್ಟಿರುತ್ತಾರೆ. ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಹಳೆ ಪೈಪ್ ಕಿತ್ತ ದಿನವೇ ಮನೆಯ ಅರ್ಥಿಂಗ್ ಹೋಗಿರುತ್ತದೆ, ಗೀಸರ್ ಕೆಟ್ಟು ಶಾಕ್ ಹೊಡೆಯುವವರೆಗೆ ಗೊತ್ತೇ ಆಗುವುದಿಲ್ಲ. ಪೈಪ್ ಮೇಲೆ ಎಲ್ಲಾದರೂ ತಂತಿ ಸುತ್ತಿರುವುದು ಕಂಡರೆ ಕತ್ತರಿಸುವ ಮುನ್ನವೇ ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಅರ್ಥಿಂಗ್ ಗುಂಡಿ ಮಾಡಿಸಿಕೊಳ್ಳಬೇಕು.