ಪುಲಸ್ತ್ಯನ ಪಟ್ಟಿಯೂ ಸುಗಂಧವರ್ತಿಯ ದ್ರಾಕ್ಷಿಯೂ

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಮಲಪ್ರಭೆಯ ದಂಡೆಗುಂಟ, ಅಂದರೆ ಇಂದಿನ ಸವದತ್ತಿ, ಬೈಲಹೊಂಗಲ, ರಾಮದುರ್ಗ ಸೀಮೆಯಲ್ಲಿ, ದ್ರಾಕ್ಷಿ ತೋಟಗಳಿದ್ದವು, ರಟ್ಟ ಅರಸರು ಅದರ ಮದ್ಯವನ್ನು ಸವಿಯುತ್ತಿದ್ದರು ಎಂಬ ಮಾತೊಂದು ನಮ್ಮ ಭಾಗದ ಸ್ಥಳೀಯ ಇತಿಹಾಸಪ್ರಿಯರಲ್ಲಿ ಬಳಕೆಯಲ್ಲಿದೆ. ಈ ಮಾತಿಗೆ ಶಾಸನವಾಗಲಿ ಉತ್ಖನನವಾಗಲಿ ಆಧಾರವಲ್ಲ. ಆಧಾರವೆಂದು ತೋರಿಸುವುದು ವಿಜ್ಞಾನೇಶ್ವರನ ‘ಮಿತಾಕ್ಷರಾ’ ವ್ಯಾಖ್ಯಾನದ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಬರುವ ಮದ್ಯಗಳ ಪಟ್ಟಿಯೊಂದನ್ನು. ವಾದದ ಸರಣಿ ಹೀಗಿದೆ: ವಿಜ್ಞಾನೇಶ್ವರ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು, ಅವನು ದ್ರಾಕ್ಷಿಯ ಮದ್ಯವನ್ನು ಹೆಸರಿಸಿದ್ದಾನೆ, ರಟ್ಟರು ಆ ಚಕ್ರವರ್ತಿಯ ಸಾಮಂತರು, ಆದ್ದರಿಂದ ರಟ್ಟರ ನಾಡಿನಲ್ಲಿ ದ್ರಾಕ್ಷಿ ಬೆಳೆಯುತ್ತಿತ್ತು. ಮೂರು ನಿಜಗಳ ಬೆನ್ನಿಗೆ ಒಂದು ನೆಗೆತ.

ಪಟ್ಟಿಯನ್ನೇ ನೋಡೋಣ. ಹಲಸು, ದ್ರಾಕ್ಷಿ, ಇಪ್ಪೆ, ಖರ್ಜೂರ, ತಾಳೆ, ಕಬ್ಬು, ಜೇನು, ತೆಂಗು ಇವುಗಳಿಂದಾದವು, ಜೊತೆಗೆ ಸೈರ, ಅರಿಷ್ಟ, ಮೈರೇಯ. ಒಟ್ಟು 11 ಮದ್ಯಗಳು. ಹನ್ನೆರಡನೆಯದು ಎಲ್ಲಕ್ಕಿಂತ ಅಧಮವಾದ ಸುರೆ. ಮೊದಲು ಗಮನಿಸಬೇಕಾದದ್ದು, ಇದು ವಿಜ್ಞಾನೇಶ್ವರನ ಮಾತೇ ಅಲ್ಲ. ಅವನು ಪುಲಸ್ತ್ಯಸ್ಮೃತಿಯಿಂದ ಎತ್ತಿಕೊಂಡದ್ದು. ಆ ಸ್ಮೃತಿ ಅವನಿಗಿಂತ ಶತಮಾನಗಳ ಹಿಂದಿನದು. ಉದ್ಧರಿಸಿದವನ ಊರನ್ನು ಉದ್ಧೃತ ವಾಕ್ಯಕ್ಕೆ ಅಂಟಿಸುವುದಾದರೆ, ಪಂಚಾಂಗದಲ್ಲಿ ಸಮುದ್ರಸ್ನಾನದ ಫಲ ಬರೆದಿದೆಯೆಂದು ಬೈಲಹೊಂಗಲದಲ್ಲಿ ಕಡಲು ಹುಡುಕಬೇಕಾಗುತ್ತದೆ.

ಎರಡನೆಯದು ಪಟ್ಟಿಯ ಉದ್ದೇಶ. ಅಲ್ಲಿ ನಡೆದಿರುವುದು ಬೆಳೆಗಳ ಲೆಕ್ಕವಲ್ಲ, ಪಾಪದ ವರ್ಗೀಕರಣ. ಹಿಟ್ಟಿನಿಂದಾದ ಸುರೆಯನ್ನು ಕುಡಿದರೆ ಅದು ಮಹಾಪಾತಕ. ಉಳಿದ ಮದ್ಯಗಳ ಮಾತು ಬೇರೆ. ಬ್ರಾಹ್ಮಣನಿಗೆ ಎಲ್ಲವೂ ನಿಷಿದ್ಧ. ಕ್ಷತ್ರಿಯ, ವೈಶ್ಯರಿಗೆ ನಿಷಿದ್ಧವಾದದ್ದು ಹಿಟ್ಟಿನ ಸುರೆ ಮಾತ್ರ. ಈ ಗೆರೆ ಎಳೆಯಲು ವ್ಯಾಖ್ಯಾನಕಾರನಿಗೆ ತುಂಬು ಪಟ್ಟಿ ಬೇಕಿತ್ತು, ಹಿಂದಿನವರಲ್ಲಿ ಸಿಕ್ಕಿತು, ಬಳಸಿದ. ಹನ್ನೊಂದೂ ಒಂದೇ ಸೀಮೆಯಲ್ಲಿ ಸಿಗುತ್ತಿದ್ದವೆಂದು ಅವನು ಹೇಳಿಲ್ಲ. ಹಲಸು ಕಿತ್ತೂರಿನ ಪಡುವಣ ಸೆರಗಿನಲ್ಲಿ ಒಗ್ಗುವ ಮರ. ರಾಮದುರ್ಗದ ಒಣಭೂಮಿಯ ಗುರುತು ಅದಲ್ಲ. (ಇಪ್ಪೆ, ಕಬ್ಬು, ತೆಂಗು ನಮ್ಮಲ್ಲಿವೆ, ದ್ರಾಕ್ಷಿಯೊಂದೇ ಏಕೆ ಇರಬಾರದು ಎಂದು ಕೇಳುವವರಿದ್ದಾರೆ. ಇರಬಾರದು ಎಂದಲ್ಲ, ಇತ್ತು ಎನ್ನುವವರು ತೋರಿಸಬೇಕು, ಅಷ್ಟೆ.)

ತೋರಿಸುವ ಜಾಗ ಯಾವುದು? ಶಾಸನ. ಸವದತ್ತಿಯ ರಟ್ಟ ಶಾಸನಗಳನ್ನು ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿ ಒಂದೂವರೆ ಶತಮಾನವಾಗುತ್ತ ಬಂತು. ವಸಾಹತು ಅಧಿಕಾರಿಯೆಂದು ಅವರನ್ನು ಜರೆಯುವುದು ಈಗ ಸುಲಭ. ಅವರ ಪಾಠಗಳನ್ನು ಸಾಲುಸಾಲಾಗಿ ಓದುವವರು ವಿರಳ. ಶಕ 902ರಲ್ಲಿ, ಅಂದರೆ ಕ್ರಿ.ಶ. 980ರ ಸುಮಾರಿಗೆ, ರಟ್ಟರ ಶಾಂತಿವರ್ಮ ಸುಗಂಧವರ್ತಿಯಲ್ಲಿ, ಅಂದರೆ ಇಂದಿನ ಸವದತ್ತಿಯಲ್ಲಿ, ಜಿನಾಲಯ ಕಟ್ಟಿಸಿ 150 ಮತ್ತರು ಭೂಮಿ ಬಿಟ್ಟ. ಅಲ್ಲಿಂದ ಎರಡನೆಯ ಲಕ್ಷ್ಮಿದೇವನ 1228ರ ಶಾಸನದವರೆಗೆ ಎರಡೂವರೆ ಶತಮಾನಗಳ ದತ್ತಿಗಳ ಸರಣಿಯಿದೆ. ಈ ನಾಡಿನ ದತ್ತಿಶಾಸನಗಳು ಜಿಪುಣ ಬರಹಗಳಲ್ಲ: ಮತ್ತರಿನ ಲೆಕ್ಕ, ಎಲ್ಲೆಗಳು, ಹೂದೋಟ, ಗಾಣ, ವೀಳ್ಯದೆಲೆ, ವರ್ತಕರ ಸುಂಕ ಎಲ್ಲವನ್ನೂ ಬಿಡಿಸಿ ಹೇಳುತ್ತವೆ. ದ್ರಾಕ್ಷಿ ತೋಟ ಬಿಟ್ಟ ದತ್ತಿಯೊಂದೂ ಈ ಸರಣಿಯಲ್ಲಿ ನನಗೆ ಕಂಡಿಲ್ಲ.

ಇದಕ್ಕೊಂದು ಗಂಭೀರ ಆಕ್ಷೇಪವಿದೆ. ರಟ್ಟರ ದತ್ತಿಗಳಲ್ಲಿ ಅನೇಕವು ಜೈನ ಬಸದಿಗಳಿಗೆ ಸಂದವು. ಮದ್ಯ, ಮಾಂಸ, ಜೇನುಗಳನ್ನು ಬಿಡುವುದು ಜೈನ ಶ್ರಾವಕನ ಮೂಲಗುಣ. ಅಂಥ ಶಾಸನದಲ್ಲಿ ಮದ್ಯದ ಸುದ್ದಿ ಬಾರದಿದ್ದರೆ ಅಚ್ಚರಿಯೇನು? ಸರಿ. ಆದರೆ ನಾವು ಹುಡುಕುತ್ತಿರುವುದು ಹೂಜಿಯನ್ನಲ್ಲ, ತೋಟವನ್ನು. ದ್ರಾಕ್ಷಿ ಹಣ್ಣೂ ಹೌದು. ಹಣ್ಣಿನ ತೋಟ ದೇವರಿಗೂ ಸಲ್ಲುತ್ತದೆ, ಸುಂಕಕ್ಕೂ ಒಳಪಡುತ್ತದೆ. ಚಪ್ಪರ, ನೀರು, ವರ್ಷವಿಡೀ ಆಳು ಬೇಡುವ ಬೆಳೆ ಲೆಕ್ಕದಿಂದ ತಪ್ಪಿಸಿಕೊಳ್ಳುವುದು ಕಷ್ಟ. ಎಲೆಬಳ್ಳಿ ತಪ್ಪಿಸಿಕೊಂಡಿಲ್ಲ. ಇನ್ನು ಮದ್ಯದ ವೃತ್ತಿಯನ್ನು ಆ ಕಾಲ ಮರೆಮಾಚಿತೆನ್ನುವಂತೆಯೂ ಇಲ್ಲ: ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಇದ್ದಾನೆ, ವೃತ್ತಿಯೇ ಅವನ ಹೆಸರಿಗೆ ಸೇರಿಕೊಂಡಿದೆ.

ನನ್ನ ಪಕ್ಷದವರದೇ ಒಂದು ವಾದವನ್ನು ಇಲ್ಲಿ ಕೈಬಿಡಬೇಕು. ಮಳೆಗಾಲದ ಬೂಜುತುಪ್ಪಟ ರೋಗ ಇಲ್ಲಿ ದ್ರಾಕ್ಷಿಯನ್ನು ಬದುಕಗೊಡುತ್ತಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಆ ರೋಗ ಅಮೆರಿಕದ್ದು. ಯುರೋಪಿಗೇ ಬಂದದ್ದು 1878ರಲ್ಲಿ. ರಟ್ಟರ ಕಾಲಕ್ಕೆ ಅದನ್ನು ಎಳೆದು ತರುವುದು ಅಸಂಬದ್ಧ. ನಿಜವಾದ ತೊಡಕು ಬೇರೆ. ನಮ್ಮ ಹವೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ವಿಜಯಪುರದ ಬೆಳೆಗಾರರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಎರಡು ಸಲ ಕತ್ತರಿಸಿ ಅದನ್ನು ದಾರಿಗೆ ತರುತ್ತಾರೆ. ಮೊದಲನೆಯದು ಕಡ್ಡಿಗಾಗಿ, ಎರಡನೆಯದು ಹಣ್ಣಿಗಾಗಿ. ಈ ಕೈಚಳಕವಿಲ್ಲದ ಕಡೆ ಬಳ್ಳಿ ಹಬ್ಬುತ್ತದೆ, ಫಸಲು ನೆಚ್ಚುವಂತಿರುವುದಿಲ್ಲ.

ದಖನ್ನಿನಲ್ಲಿ ಈ ಬೆಳೆಗೆ ಕಣ್ಣಾರೆ ಕಂಡವನ ಸಾಕ್ಷ್ಯ ಬೇಕಾದರೆ ಹದಿನಾಲ್ಕನೆಯ ಶತಮಾನಕ್ಕೆ, ದೌಲತಾಬಾದಿಗೆ ಹೋಗಬೇಕು. ಅಲ್ಲಿ ದ್ರಾಕ್ಷಿ, ದಾಳಿಂಬೆಗಳು ವರ್ಷಕ್ಕೆ ಎರಡು ಫಸಲು ಕೊಡುತ್ತವೆಂದು ಇಬ್ನ್ ಬತೂತ ಬರೆದಿದ್ದಾನೆ. ಸಮಶೀತೋಷ್ಣ ನಾಡಿನ ಬಳ್ಳಿ ಬಿಸಿನಾಡಿನಲ್ಲಿ ನಡೆದುಕೊಳ್ಳುವ ರೀತಿಗೆ ಇದು ಒಪ್ಪುತ್ತದೆ. ಆದ್ದರಿಂದ ನಂಬಬಹುದಾದ ಮಾತು. ಆದರೆ ವಿಜ್ಞಾನೇಶ್ವರನಿಗೆ ಎರಡು ಶತಮಾನ ಈಚೆಯದು, ಮಲಪ್ರಭೆಗೆ ಬಹುದೂರದ್ದು.

ದ್ರಾಕ್ಷಿ ನಾಡಿನ ಚರಿತ್ರೆಗೆ ಎಂಥ ದಾಖಲೆ ಬೇಕೆಂಬುದಕ್ಕೆ ಆಸ್ಟ್ರೇಲಿಯಾವನ್ನು ನೋಡಬಹುದು. ಜೇಮ್ಸ್ ಬಸ್ಬಿ 1831ರಲ್ಲಿ ಸ್ಪೇನ್, ಫ್ರಾನ್ಸ್‌ಗಳಲ್ಲಿ ಕೂಡಿಸಿದ ಕಡ್ಡಿಗಳ ತಳಿವಾರು ಪಟ್ಟಿ ಉಳಿದಿದೆ; ಬರೋಸಾ ಕಣಿವೆಯಲ್ಲಿ 1843ರ ಶಿರಾಜ್ ಬಳ್ಳಿಗಳು ಇಂದಿಗೂ ನೆಲದಲ್ಲಿವೆ. ಕೆಂಪು ವೈನಿನ ಅದೇ ಶಿರಾಜ್ ಈಗ ಕರ್ನಾಟಕದಲ್ಲೂ ಬೆಳೆಯುತ್ತದೆ. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯಲ್ಲಿ ವಿಜಯಪುರ, ಬಾಗಲಕೋಟೆಗಳ ಜೊತೆ ಬೆಳಗಾವಿ ಜಿಲ್ಲೆಯೂ ಕೃಷ್ಣಾ ಕಣಿವೆಯ ಲೆಕ್ಕಕ್ಕೆ ಸೇರಿತು. ಸರಕಾರದ ಈ ವಲಯವನ್ನು ರಟ್ಟರು ಆಳಿದ ಕೂಂಡಿ ಮೂರುಸಾವಿರ ನಾಡಿನ ಮೇಲೆ ಹೊದಿಸಿ ಪರಂಪರೆ ಎನ್ನುವ ಹುಮ್ಮಸ್ಸು ಪ್ರವಾಸದ ಕೈಪಿಡಿಗೆ ಹೊಂದೀತು.

ಹಾಗಾದರೆ ಸುಗಂಧವರ್ತಿಯಲ್ಲಿ ಯಾರೂ ದ್ರಾಕ್ಷಿಯ ಮದ್ಯ ಕುಡಿದಿರಲಿಲ್ಲವೇ? ಹಾಗೆನ್ನಲಾರೆ. ಅರ್ಥಶಾಸ್ತ್ರವೇ ದ್ರಾಕ್ಷಿಯ ಮದ್ಯವನ್ನು ವಾಯವ್ಯದ ಕಪಿಶ, ಹಾರಹೂರಗಳ ಹೆಸರಿನಿಂದ ಗುರುತಿಸುತ್ತದೆ. ದೂರದಿಂದ ಬರುವ ಪದಾರ್ಥವೆಂಬುದು ಹಳೆಯ ತಿಳಿವಳಿಕೆ. ಅದಕ್ಕಿಂತ ಸುಲಭವಾಗಿ ಬರುವುದು ಒಣದ್ರಾಕ್ಷಿ. ಹೇರಿನ ಮೇಲೆ ತಿಂಗಳುಗಟ್ಟಲೆ ಕೆಡದೆ ಸಾಗುತ್ತದೆ. ಆಯುರ್ವೇದದ ದ್ರಾಕ್ಷಾರಿಷ್ಟಕ್ಕೆ ಇಂದಿಗೂ ಅದೇ ಸಾಕು. ಪುಲಸ್ತ್ಯನ ಪಟ್ಟಿಯ ದ್ರಾಕ್ಷಿಗೆ ನಮ್ಮ ನೆಲದಲ್ಲಿ ಅರ್ಥ ಹುಡುಕಲೇಬೇಕೆಂದರೆ ತೋಟದ ಶಾಸನವನ್ನು ಬಿಟ್ಟು ಹೇರು, ಸಂತೆ, ಸುಂಕಗಳ ಶಾಸನಗಳನ್ನು ತೆರೆಯಬೇಕು. ಅಲ್ಲಿ ವೇಣುಗ್ರಾಮದ, ಅಂದರೆ ಬೆಳಗಾವಿಯ, 1204ರ ವರ್ತಕ ಸುಂಕಗಳ ಪಟ್ಟಿಯಿಂದ ಆರಂಭಿಸುವುದು ಸೂಕ್ತ.